ಕಾರು ತಗ್ಗಿಸಬೇಕಾ? ಮೊದಲು ಟೇಪ್ ಹಿಡಿಯಿರಿ: ಕಾನೂನು, ಸುರಕ್ಷತೆ ಮತ್ತು ಮಿಲಿಮೀಟರ್ ಲೆಕ್ಕ

ಚಿಕ್ಕಪ್ಪನ ಮಗ ಒಂದು ಭಾನುವಾರ ತನ್ನ ಹ್ಯಾಚ್‌ಬ್ಯಾಕ್ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ. "ಅಣ್ಣಾ, ಹೇಗಿದೆ ನೋಡು" ಅಂದ. ನೋಡಲು ಚೆನ್ನಾಗೇ ಇತ್ತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರುವಷ್ಟೇ ಜಾಗ. ಯಾವುದೋ ಗ್ಯಾರೇಜಿನಲ್ಲಿ ನಾಲ್ಕೂ ಸ್ಪ್ರಿಂಗಿನ ಒಂದೊಂದು ಸುತ್ತು ಕತ್ತರಿಸಿ ಮತ್ತೆ ಕೂರಿಸಿದ್ದರು. ಒಂದೇ ಮಧ್ಯಾಹ್ನದ ಕೆಲಸ, ಖರ್ಚೂ ಕಡಿಮೆ.

ಎರಡು ವಾರದ ಮೇಲೆ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಧರ್ಮಸ್ಥಳಕ್ಕೆ ಹೊರಟರು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹಿಂದಿನಿಂದ ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ, ಹಿಂದಿನ ಟೈರಿನ ಪಕ್ಕೆ ಮಡ್‌ಗಾರ್ಡಿನ ಒಳ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ದಾರ ಕಾಣುತ್ತಿತ್ತು. ಇನ್ನು ಹತ್ತು ಕಿಲೋಮೀಟರ್ ಹೋಗಿದ್ದರೆ ಏನಾಗುತ್ತಿತ್ತೋ.

ಅವನು ಮಾಡಿದ ತಪ್ಪು ಕಾರು ತಗ್ಗಿಸಿದ್ದಲ್ಲ. ನಿಂತ ಕಾರಿನ ಅಂದ ನೋಡಿ ತಗ್ಗಿಸಿದ್ದು. ಎಷ್ಟು ತಗ್ಗಿಸಬಹುದು ಎನ್ನುವುದನ್ನು ಮಡ್‌ಗಾರ್ಡಿನ ಸಂದಿ ಹೇಳುವುದಿಲ್ಲ. ತುಂಬಿದ ಕಾರು ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ನಿನಲ್ಲಿ ಇನ್ನೂ ಎಷ್ಟು ಓಟ (ಚಕ್ರ ಮೇಲೆ ಕೆಳಗೆ ಆಡುವ ಜಾಗ) ಉಳಿದಿದೆ ಎನ್ನುವುದು ಹೇಳುತ್ತದೆ. ಈ ಬರಹವೆಲ್ಲ ಆ ಉಳಿಕೆಯ ಲೆಕ್ಕವೇ. ಆದರೆ ಅದಕ್ಕೂ ಮುಂಚೆ ಕಾನೂನು.

ಹೆಜ್ಜೆ 1: ಕಾನೂನು ಎಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ

ನಮ್ಮ ಕಾನೂನಿನಲ್ಲಿ "ಇಷ್ಟು ಮಿ.ಮೀ. ತಗ್ಗಿಸಬಹುದು" ಎಂಬ ಸಾಲು ಇಲ್ಲ. ಗ್ಯಾರೇಜಿನಲ್ಲಿ ಯಾರಾದರೂ "25 ಮಿ.ಮೀ. ತನಕ ಲೀಗಲ್ ಸಾರ್" ಎಂದರೆ ಅದು ಅವರದೇ ಕಾನೂನು.

ಇರುವುದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿಯನ್ನು ಬದಲಾಯಿಸುವಂತಿಲ್ಲ. ಅದೇ ಸೆಕ್ಷನ್ "ಬದಲಾವಣೆ" ಎಂದರೇನು ಎಂದೂ ಹೇಳುತ್ತದೆ: ಗಾಡಿಯ ರಚನೆಯಲ್ಲಿ ಆದ, ಅದರ ಮೂಲ ಗುಣವನ್ನೇ ಬದಲಿಸುವ ಮಾರ್ಪಾಡು. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಕಾನೂನು ಒಪ್ಪದ ರೀತಿಯಲ್ಲಿ ಗಾಡಿ ಬದಲಾಯಿಸಿದ ಮಾಲೀಕರಿಗೆ 6 ತಿಂಗಳ ತನಕ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹೊರಗಿನಿಂದ ತಂದು ಹಾಕಿಸಿದ ಪಾರ್ಟ್ಸ್ ಕೂಡ ಇದರಲ್ಲಿ ಸೇರುತ್ತದೆ ಎಂದು ಸೆಕ್ಷನ್ನಿನಲ್ಲೇ ಬರೆದಿದೆ.

ಇಲ್ಲಿ ಒಂದು ವಾದ ಕೇಳಿಸುತ್ತದೆ. "ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಬರೆದೇ ಇಲ್ವಲ್ಲ, ಮತ್ತೇನು ತೊಂದರೆ?" ನಿಜ, ಬರೆದಿಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ, ಸೀಟು, ಖಾಲಿ ತೂಕ, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಇಂಥವು ಇರುತ್ತವೆ. ಕಂಪನಿ ಸ್ಪ್ರಿಂಗಿನ ಜಾಗದಲ್ಲಿ 20 ಮಿ.ಮೀ. ಗಿಡ್ಡ ಸ್ಪ್ರಿಂಗ್ ಹಾಕಿಸಿದರೆ ಅದು "ಮೂಲ ಗುಣದ ಬದಲಾವಣೆ" ಹೌದೋ ಅಲ್ಲವೋ ಎಂದು ವಾದ ಮಾಡಬಹುದು. ಆದರೆ ಆ ವಾದ ಮಾಡಬೇಕಾದವರು ನೀವು, ರಸ್ತೆ ಬದಿಯಲ್ಲಿ ನಿಂತು ಅಥವಾ ಕೋರ್ಟಿನಲ್ಲಿ. ಈ ವಾದದ ಮೇಲೆ ಭರವಸೆ ಇಟ್ಟು ದುಡ್ಡು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

190ನೇ ಸೆಕ್ಷನ್ನಿನ ಎದುರು ಆ ವಾದ ಕೆಲಸಕ್ಕೇ ಬರುವುದಿಲ್ಲ. ಸಾಮಾನ್ಯ ಎಚ್ಚರ ಇದ್ದರೆ ಗೊತ್ತಾಗುವಂಥ, ಅಪಾಯ ತರುವಂಥ ದೋಷವಿರುವ ಗಾಡಿಯನ್ನು ರಸ್ತೆಗೆ ತಂದರೆ 1,500 ರೂಪಾಯಿ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ 3 ತಿಂಗಳ ತನಕ ಜೈಲು, ಇಲ್ಲವೇ 5,000 ದಂಡ, ಇಲ್ಲವೇ ಎರಡೂ. ಕತ್ತರಿಸಿದ ಸ್ಪ್ರಿಂಗು, ಉಜ್ಜಿ ಸವೆದ ಟೈರು ಇವೆಲ್ಲ ಕಣ್ಣಿಗೆ ಕಾಣುವ ದೋಷಗಳೇ.

ಜರ್ಮನಿಯಲ್ಲಿರುವ ನಮ್ಮವರು ಈ ಜಾಗದಲ್ಲಿ ನಗುತ್ತಾರೆ. ಅಲ್ಲಿ ಸ್ಪ್ರಿಂಗ್ ಜೊತೆಗೇ ತಪಾಸಣೆ ಪತ್ರ ಬರುತ್ತದೆ. ಟಿಯುವಿಯಂಥ ತಪಾಸಣೆ ಸಂಸ್ಥೆಗೆ ಗಾಡಿ ಒಯ್ದು, ತೋರಿಸಿ, ದಾಖಲೆಗೆ ಸೇರಿಸಿಕೊಳ್ಳಬಹುದು. ಹಾಗೆ ಮಾಡದಿದ್ದರೆ ಗಾಡಿಯ ಓಡಾಟದ ಪರವಾನಗಿಯೇ ಬಿದ್ದುಹೋಗಬಹುದು. ನಿಯಮ ಕಟ್ಟುನಿಟ್ಟು, ಆದರೆ ದಾರಿ ಇದೆ. ನಮ್ಮಲ್ಲಿ ಒಬ್ಬ ಸಾಮಾನ್ಯ ಮಾಲೀಕ ತಗ್ಗಿಸಿದ ಕಾರು ಒಯ್ದು ಸೀಲ್ ಹಾಕಿಸಿಕೊಳ್ಳುವ ಅಂಥ ಕೌಂಟರ್ ಇಲ್ಲ. ಹಾಗಾಗಿ ಜವಾಬ್ದಾರಿ ಪೂರ್ತಿ ನಿಮ್ಮದೇ.

ಹೆಜ್ಜೆ 2: ಇನ್ಶೂರೆನ್ಸ್‌ಗೆ ಬರೆದು ಕೇಳಿ

ಫೋನಿನಲ್ಲಿ ಬೇಡ, ಇಮೇಲ್ ಮಾಡಿ. ಯಾವ ಸ್ಪ್ರಿಂಗ್, ಎಷ್ಟು ತಗ್ಗುತ್ತದೆ, ಯಾರು ಹಾಕುತ್ತಾರೆ ಎಂದು ಬರೆಯಿರಿ. ಒಪ್ಪಿದರೆ ಪಾಲಿಸಿಯಲ್ಲಿ ಸೇರಿಸಿಕೊಡಲು ಹೇಳಿ. ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು. ತಿಳಿಸದೆ ಹಾಕಿಸಿದರೆ, ನಾಳೆ ಗಾಡಿ ಗುದ್ದಿದಾಗ ಸರ್ವೇಯರ್ ಮೊದಲು ನೋಡುವುದೇ ಚಕ್ರದ ಒಳಗೆ. ನಿಮ್ಮ ಕಾರಿನ ರಿಪೇರಿ ದುಡ್ಡು ಕಡಿತವಾಗಬಹುದು, ಪೂರ್ತಿ ತಿರಸ್ಕಾರವೂ ಆಗಬಹುದು. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸಸ್ಪೆನ್ಷನ್ ಮತ್ತು ಅದಕ್ಕೆ ಅಂಟಿಕೊಂಡ ಭಾಗಗಳ ವಾರಂಟಿಯ ಆಸೆ ಬಿಡಿ.

ಹೆಜ್ಜೆ 3: ಈಗ ಟೇಪ್ ಹಿಡಿಯಿರಿ

ಸಮತಟ್ಟಾದ ನೆಲ ಹುಡುಕಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಜಾಗ ಸಾಮಾನ್ಯವಾಗಿ ಇಳಿಜಾರು, ಅಲ್ಲಿ ಬೇಡ. ಟೈರಿಗೆ ಸರಿಯಾದ ಗಾಳಿ, ಟ್ಯಾಂಕ್ ತುಂಬ ಇಂಧನ. ನಾಲ್ಕು ಮೂಲೆಯಲ್ಲೂ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನ ತನಕ ನೇರ ಮೇಲಕ್ಕೆ ಅಳೆದು ಬರೆದಿಡಿ. ಆಮೇಲೆ ಕಾರಿನ ಕೆಳಗೆ ಬಗ್ಗಿ ಅತ್ಯಂತ ತಗ್ಗಿನ ಜಾಗ ಯಾವುದು ನೋಡಿ. ಆಯಿಲ್ ಸಂಪ್ ಇರಬಹುದು, ಸೈಲೆನ್ಸರ್ ಪೈಪಿನ ಬೆಸುಗೆ ಇರಬಹುದು. ಅಲ್ಲಿಂದ ನೆಲಕ್ಕೆ ಎಷ್ಟು ಅಂತ ಅಳೆಯಿರಿ.

ಇದನ್ನೇ ಇನ್ನೊಮ್ಮೆ ಐದು ಜನ ಕೂತಾಗ, ಡಿಕ್ಕಿಯಲ್ಲಿ ಸಾಮಾನು ಇಟ್ಟು ಮಾಡಿ. ಮನೆಯವರನ್ನೆಲ್ಲ ಹತ್ತಿಸಿ ಟೇಪ್ ಹಿಡಿದು ಓಡಾಡುವಾಗ ಅಕ್ಕಪಕ್ಕದವರು ನೋಡುತ್ತಾರೆ, ನೋಡಲಿ. ಕಂಪನಿ ಬ್ರೋಷರ್ ನಂಬಿ ಈ ಹೆಜ್ಜೆ ಬಿಡಬೇಡಿ. ಕೆಲವರು ಖಾಲಿ ಗಾಡಿಯ ಅಳತೆ ಕೊಡುತ್ತಾರೆ, ಕೆಲವರು ಭಾರ ಹೇರಿದ್ದು ಕೊಡುತ್ತಾರೆ. ತೆರಿಗೆಯವರಿಗೂ ಈ ಗೊಂದಲ ಕಾಡಿತ್ತು. ಎಸ್‌ಯುವಿ ಎಂದು ಲೆಕ್ಕಕ್ಕೆ ಹಿಡಿಯುವ 170 ಮಿ.ಮೀ. ಖಾಲಿ ಗಾಡಿಯದ್ದೇ ಎಂದು ಜಿಎಸ್‌ಟಿ ಕೌನ್ಸಿಲ್ 2023ರ ಜುಲೈನಲ್ಲಿ ಸ್ಪಷ್ಟಪಡಿಸಬೇಕಾಯಿತು.

ಹೆಜ್ಜೆ 4: ಹಂಪ್‌ನ ಲೆಕ್ಕ

ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಹೇಗಿರಬೇಕು ಗೊತ್ತಾ? 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು. 10 ಸೆಂ.ಮೀ. ಎಂದ ಕೂಡಲೇ "ನನ್ನ ಕಾರಿನ ಕೆಳಗೆ 10 ಸೆಂ.ಮೀ. ಇದ್ದರೆ ಸಾಕು" ಅನ್ನಿಸುತ್ತದೆ. ಅಷ್ಟೂ ಬೇಕಿಲ್ಲ. ಹಂಪ್ 3.7 ಮೀಟರ್ ಅಗಲ ಇರುವಾಗ 2.45 ಮೀಟರ್ ವೀಲ್‌ಬೇಸಿನ ಕಾರಿನ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ. ಚಕ್ರಗಳೂ ಏರಿರುತ್ತವೆ. ಹೊಟ್ಟೆಯ ಕಡೆಗೆ ಉಬ್ಬಿ ಬರುವುದು ನಡುವಿನ ಕಮಾನು ಮಾತ್ರ. ಲೆಕ್ಕ ಸುಲಭ: ವೀಲ್‌ಬೇಸಿನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. 2.45 ಗುಣಿಸು 2.45 ಅಂದರೆ ಸುಮಾರು 6. 17ರ ಎಂಟರಷ್ಟು 136. ಭಾಗಿಸಿದರೆ 44 ಮಿ.ಮೀ. ವೀಲ್‌ಬೇಸ್ 2.65 ಮೀಟರ್ ಇರುವ ಸೆಡಾನಿಗೆ 52 ಮಿ.ಮೀ. ಅಷ್ಟೇ!

ಹಾಗಾದರೆ ನಮ್ಮ ಕಾರುಗಳ ತಳ ದಿನಾ ಯಾಕೆ ಬಡಿಯುತ್ತದೆ? ನಮ್ಮ ಬೀದಿಯ ಹಂಪ್ ಆ ಪುಸ್ತಕ ಓದಿಲ್ಲ. ಮನೆ ಕಟ್ಟಿದ ಮೇಲೆ ಉಳಿದ ಕಾಂಕ್ರೀಟಿನಲ್ಲಿ ರಾತ್ರೋರಾತ್ರಿ ಹಾಕಿದ, ಒಂದು ಮೀಟರ್ ಅಗಲದ, 15 ಸೆಂ.ಮೀ. ಎತ್ತರದ ಗೋಡೆ ಅದು. ಮುಂದಿನ ಚಕ್ರ ಅದನ್ನು ದಾಟಿ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಪೂರ್ತಿ 15 ಸೆಂ.ಮೀ. ನೇರವಾಗಿ ಹೊಟ್ಟೆಗೆ. ಖಾಲಿ ಕಾರು 165 ಮಿ.ಮೀ. ಇದ್ದರೆ ದಾಟುತ್ತದೆ. ಐದು ಜನ ಕೂತು 35 ಮಿ.ಮೀ. ಕುಗ್ಗಿದರೆ 130. ಆಗಲೇ ಬಡಿಯುತ್ತದೆ. ಅದರ ಮೇಲೆ 30 ಮಿ.ಮೀ. ತಗ್ಗಿಸಿದರೆ 100.

ಅಂದರೆ ನಿಮ್ಮ ದಾರಿಯ ಹಂಪ್‌ಗಳನ್ನೇ ಅಳೆಯಬೇಕು. ಮನೆಯಿಂದ ಆಫೀಸ್, ಅತ್ತೆ ಮನೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು. ಬೇಸ್‌ಮೆಂಟ್ ಇಳಿಯುವ ಬಾಯಿಯಲ್ಲಿ ಇಳಿಜಾರು ಶುರುವಾಗುವ ಅಂಚು ಇದೆಯಲ್ಲ, ಹಂಪ್‌ಗಿಂತ ಅದೇ ಜಾಸ್ತಿ ಕಾಟ ಕೊಡುತ್ತದೆ. ಹಂಪ್‌ಗೆ ಓರೆಯಾಗಿ ಹೋಗಬಹುದು, ಬೇಸ್‌ಮೆಂಟ್ ಗೋಡೆಗಳ ನಡುವೆ ಓರೆ ಎಲ್ಲಿಂದ?

ಹೆಜ್ಜೆ 5: ಸಸ್ಪೆನ್ಷನ್ನಿನ ಓಟ ಅಳೆಯಿರಿ

ಹತ್ತು ರೂಪಾಯಿ ಖರ್ಚಿನ ಉಪಾಯ. ಚಕ್ರ ಬಿಚ್ಚಿ. ಶಾಕ್ ಅಬ್ಸಾರ್ಬರಿನ ಹೊಳೆಯುವ ಕಂಬಿಯ ಮೇಲೆ ಧೂಳು ಬೀಳದ ಹಾಗೆ ರಬ್ಬರ್ ಮುಸುಕು ಇರುತ್ತದೆ, ಅದನ್ನು ಮೇಲಕ್ಕೆ ಸರಿಸಿ. ಕಂಬಿಯ ಸುತ್ತ ಒಂದು ಸಣ್ಣ ಕೇಬಲ್ ಟೈ ಕಟ್ಟಿ. ಬಿಗಿ ಬೇಡ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು. ಚಕ್ರ ಹಾಕಿ ಕಾರು ನೆಲಕ್ಕಿಳಿಸಿ, ಸ್ವಲ್ಪ ಹಿಂದೆ ಮುಂದೆ ಓಡಿಸಿ ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಟೈಯನ್ನು ಶಾಕ್‌ನ ದೇಹಕ್ಕೆ ತಾಗುವ ತನಕ ಇಳಿಸಿ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿದರೆ ಒಳಗೆ ಕೈ ತೂರಿಸಲು ಜಾಗ ಸಿಗುತ್ತದೆ. ಈಗ ನಿಮ್ಮ ಮಾಮೂಲಿ ದಾರಿಯಲ್ಲಿ, ಮಾಮೂಲಿ ಜನರ ಜೊತೆ ಒಂದು ವಾರ ಓಡಾಡಿ ಬನ್ನಿ.

ವಾರ ಕಳೆದ ಮೇಲೆ ಟೈ ಮೇಲೆ ತಳ್ಳಿಸಿಕೊಂಡು ನಿಂತಿರುತ್ತದೆ. ಅಲ್ಲಿಂದ ಶಾಕ್‌ನ ದೇಹದ ತನಕ ಎಷ್ಟೋ ಅಷ್ಟು ಓಟ ನೀವು ನಿಜಕ್ಕೂ ಬಳಸಿದ್ದೀರಿ. ಅದರ ಮೇಲೆ ಬಂಪ್ ಸ್ಟಾಪ್ ಎಂಬ ರಬ್ಬರ್ ದಿಂಡಿನ ತನಕ ಉಳಿದ ಜಾಗವೇ ನಿಮ್ಮ ಬಂಡವಾಳ. ತಗ್ಗಿಸುವುದು ಎಂದರೆ ಆ ಬಂಡವಾಳದಿಂದ ಖರ್ಚು ಮಾಡುವುದು. ಎಷ್ಟೋ ಕಾರುಗಳಲ್ಲಿ ಟೈ ಆಗಲೇ ದಿಂಡಿಗೆ ತಾಗಿ ನಿಂತಿರುತ್ತದೆ. ಅಂಥ ಕಾರನ್ನು ತಗ್ಗಿಸಲು ಜಾಗವೇ ಇಲ್ಲ.

ನಮ್ಮಲ್ಲಿ ಅಂಕಿ ಇಲ್ಲದ್ದಕ್ಕೆ ನಾನು ಆಸ್ಟ್ರೇಲಿಯಾದಿಂದ ಸಾಲ ತೆಗೆದುಕೊಳ್ಳುತ್ತೇನೆ. ಅಲ್ಲಿನ ಮಾರ್ಪಾಡು ನಿಯಮದ ಪ್ರಕಾರ ಸಸ್ಪೆನ್ಷನ್ನಿನ ಮೂಲ ಓಟದಲ್ಲಿ ಮೂರನೇ ಎರಡು ಭಾಗ ಉಳಿಯಲೇಬೇಕು. ಜೊತೆಗೆ ಆಕ್ಸೆಲ್‌ನ ಹಿಂದೆ ಮುಂದೆ ಒಂದು ಮೀಟರ್ ಒಳಗೆ ನೆಲದಿಂದ 100 ಮಿ.ಮೀ. ಇರಬೇಕು. ಮೆಲ್ಬರ್ನಿನಲ್ಲಿ ಇರುವವರಿಗೆ ಇದು ಕಾನೂನು, ಮೈಸೂರಿನಲ್ಲಿ ಇರುವವರಿಗೆ ಒಳ್ಳೆಯ ಬುದ್ಧಿಮಾತು. ಉದಾಹರಣೆಗೆ ಖಾಲಿ ನಿಂತ ಕಾರಿನಿಂದ ಪೂರ್ತಿ ಕುಗ್ಗುವ ತನಕ ಓಟ 90 ಮಿ.ಮೀ. ಎಂದಿಟ್ಟುಕೊಳ್ಳಿ. 60 ಉಳಿಸಬೇಕು, ಹಾಗಾಗಿ ತಗ್ಗಿಸಲು ಇರುವುದು 30. ಐದು ಜನ ಕೂತರೆ ಆ 60ರಲ್ಲಿ 35 ಹೋಯಿತು. ಗುಂಡಿಗೆ ಉಳಿದದ್ದು 25 ಮಿ.ಮೀ., ಅಂದರೆ ಒಂದು ಇಂಚು. ನಮ್ಮ ರಸ್ತೆಗೆ ಅದೂ ಕಡಿಮೆಯೇ. ಹಾಗಾಗಿ ನನ್ನ ಮಾತು ಕೇಳುವುದಾದರೆ, ಸಂಸಾರ ಸಮೇತ ಓಡಾಡುವ ಕಾರಿಗೆ 15ರಿಂದ 20 ಸಾಕು.

ಹೆಜ್ಜೆ 6: ಏನು ಹಾಕಿಸಬೇಕು, ಏನು ಮಾಡಲೇಬಾರದು

ಸ್ಪ್ರಿಂಗ್ ಕತ್ತರಿಸುವುದು ಬೇಡ. ಯಾಕೆ ಎಂದರೆ, ಕೆಲಸ ಮಾಡುವ ಸುತ್ತು 6 ಇದ್ದ ಸ್ಪ್ರಿಂಗಿನಿಂದ ಒಂದು ತೆಗೆದರೆ ಅದು 20% ಗಡುಸಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಸ್ಪ್ರಿಂಗಿಗೆ ಅಂತ ಮಾಡಿದ್ದು, ಅದಕ್ಕೆ ಇದನ್ನು ಹಿಡಿಯಲು ಆಗುವುದಿಲ್ಲ. ಕಾರು ಕುಣಿಯುತ್ತದೆ. ಅದಕ್ಕಿಂತ ಭಯದ ವಿಷಯ, ಸ್ಪ್ರಿಂಗಿನ ತುದಿ ಕೂರಲು ಮಾಡಿದ ಆಕಾರ ಹೋಗಿರುತ್ತದೆ, ಉದ್ದವೂ ಕಮ್ಮಿ. ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೂಗಿದಾಗ ಸ್ಪ್ರಿಂಗ್ ಸಡಿಲವಾಗಿ ತಿರುಗುತ್ತದೆ, ತನ್ನ ಬಟ್ಟಲಿನಿಂದ ಪಕ್ಕಕ್ಕೆ ಸರಿಯುತ್ತದೆ. ಗ್ಯಾಸ್‌ನಲ್ಲಿ ಕಾಯಿಸಿ ಕೂರಿಸುವವರೂ ಇದ್ದಾರೆ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ. ಅದು ಎಲ್ಲಿ ತನಕ ಕುಸಿಯುತ್ತದೆ, ಯಾವತ್ತು ಮುರಿಯುತ್ತದೆ ಯಾರೂ ಹೇಳಲಾರರು. ಕ್ಲ್ಯಾಂಪ್ ಹಾಕಿ ಸುತ್ತುಗಳನ್ನು ಬಿಗಿಯುವುದು ಮೂರನೇ ಹುಚ್ಚು.

ಹಾಕಿಸುವುದಾದರೆ ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ, ಭಾರಕ್ಕೆ ತಕ್ಕ ಸ್ಪ್ರಿಂಗ್. ಐಬಾಕ್, ಎಚ್ ಆ್ಯಂಡ್ ಆರ್ ತರಹದ ಕಂಪನಿಗಳು ಮಾಡುತ್ತವೆ. ಒಂದು ಎಚ್ಚರಿಕೆ: ಅವರ ಪಟ್ಟಿಯಲ್ಲಿ "30 ಮಿ.ಮೀ." ಎಂದಿದ್ದರೆ ಅದು ಯುರೋಪಿನ ಮಾಡೆಲ್ಲಿನಿಂದ 30 ಕಡಿಮೆ. ನಮ್ಮ ದೇಶಕ್ಕೆ ಬರುವ ಅದೇ ಹೆಸರಿನ ಕಾರನ್ನು ಕಂಪನಿಯೇ ಎತ್ತರಿಸಿ ಮಾರಿರಬಹುದು. ಹಾಗಿದ್ದರೆ ಆ ಸ್ಪ್ರಿಂಗ್ ಇಲ್ಲಿ 30 ಅಲ್ಲ, ಇನ್ನೂ ಜಾಸ್ತಿ ತಗ್ಗಿಸುತ್ತದೆ. ಪಾರ್ಟ್ ನಂಬರ್ ಮತ್ತು ಆಕ್ಸೆಲ್ ಭಾರ ಹೊಂದುತ್ತದೆಯೇ ಕೇಳಿ. ಶಾಕ್ ಅಬ್ಸಾರ್ಬರ್ 60–70 ಸಾವಿರ ಕಿಲೋಮೀಟರ್ ಓಡಿದ್ದರೆ ಅದನ್ನೂ ಬದಲಿಸಿ, ಹಳೇದರ ಮೇಲೆ ಗಡುಸು ಸ್ಪ್ರಿಂಗ್ ಹಾಕಿದರೆ ವ್ಯರ್ಥ. ಬಂಪ್ ಸ್ಟಾಪ್ ಕತ್ತರಿಸಲು ಬಿಡಬೇಡಿ, ಗಿಡ್ಡದ್ದೇ ಬೇಕಿದ್ದರೆ ಕಿಟ್ ಜೊತೆಗೆ ಬರುವುದನ್ನು ಹಾಕಿಸಿ.

ನಿಮ್ಮದು ಹಿಂದಿನ ಬ್ರೇಕಿಗೆ ಎಲ್‌ಎಸ್‌ಪಿವಿ ಇರುವ ಹಳೇ ಗಾಡಿಯಾ? ಹಿಂಭಾಗ ಎಷ್ಟು ಕುಗ್ಗಿದೆ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಅದು. ನೀವು ತಗ್ಗಿಸಿದರೆ "ಭಾರ ಹೇರಿದ್ದಾರೆ" ಅಂದುಕೊಳ್ಳುತ್ತದೆ. ಖಾಲಿ ಗಾಡಿಯಲ್ಲೂ ಹಿಂದಕ್ಕೆ ಜಾಸ್ತಿ ಬ್ರೇಕ್ ಕೊಡುತ್ತದೆ. ಮಳೆಯಲ್ಲಿ ಹಿಂಚಕ್ರ ಕಚ್ಚಿದರೆ ಕಾರು ಬುಗುರಿ. ವಾಲ್ವ್‌ನ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸದೆ ಗಾಡಿ ಹೊರಗೆ ತರಬೇಡಿ.

ಹೆಜ್ಜೆ 7: ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲಿ

ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಬಿಚ್ಚುವವರ ಹತ್ತಿರ ಸುಮ್ನೆ ವಾಪಸ್ ಬಂದುಬಿಡಿ. ಒತ್ತಿದ ಸ್ಪ್ರಿಂಗ್ ಜಾರಿದರೆ ಮುಖಕ್ಕೇ. ಮನೆಯಲ್ಲಿ ಪ್ರಯೋಗವೂ ಬೇಡ.

ಲೋವರ್ ಆರ್ಮ್ (ಚಕ್ರವನ್ನು ಹಿಡಿಯುವ ಕೆಳಗಿನ ತೋಳು) ಮತ್ತು ಹಿಂದಿನ ಬೀಮ್‌ನ ಬುಷ್ (ರಬ್ಬರ್ ಕೀಲು) ಬೋಲ್ಟುಗಳನ್ನು ಕಾರು ಲಿಫ್ಟಿನಲ್ಲಿ ತೂಗುವಾಗ ಬಿಗಿಯಲು ಬಿಡಬೇಡಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದ ಕೆಲಸದಲ್ಲಿ ತಪ್ಪಿಹೋಗುವುದು ಇದೇ.

ಇಳಿಸಿದ ಮೇಲೆ ಮತ್ತೆ ಎತ್ತಿಸಿ. ಚಕ್ರ ಪೂರ್ತಿ ಕೆಳಗೆ ತೂಗಿದಾಗ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡಬಾರದು. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದುಕೊಂಡಿರಬಾರದು, ಟೈರಿಗೂ ತಾಗಬಾರದು. ಸ್ಟೀರಿಂಗ್ ಎರಡೂ ಕಡೆ ಕೊನೆ ತನಕ ತಿರುಗಿಸಿ ನೋಡಿ.

ಹೆಜ್ಜೆ 8: ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್

ಎತ್ತರ ಬದಲಾದರೆ ಚಕ್ರದ ಓರೆ (ಕ್ಯಾಂಬರ್), ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಪ್ರಿಂಟ್ ಇಟ್ಟುಕೊಳ್ಳಿ. ಕ್ಯಾಂಬರ್ ಕಂಪನಿ ಕೊಟ್ಟ ಮಿತಿಗೆ ಬರದಿದ್ದರೆ ಟೈರಿನ ಒಳ ಅಂಚು ಸದ್ದಿಲ್ಲದೆ ಸವೆಯುತ್ತದೆ, ಬಗ್ಗಿ ನೋಡದ ಹೊರತು ಕಾಣುವುದಿಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿರುವ ವ್ಯವಸ್ಥೆ) ಇರುವ ಕಾರನ್ನು ತೀರಾ ತಗ್ಗಿಸಿದರೆ ಕೆಳಗಿನ ಆರ್ಮ್ ಹೊರತುದಿ ಮೇಲಾಗಿ ಓರೆಯಾಗುತ್ತದೆ. ಆಗ ಕಾರಿನ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ದೇಹಕ್ಕಿಂತ ಬೇಗ ಕೆಳಗಿಳಿದು, ತಿರುವಿನಲ್ಲಿ ವಾಲುವ ಒತ್ತಡ ಹೆಚ್ಚುತ್ತದೆ. ತಗ್ಗಿದಷ್ಟೂ ರಸ್ತೆ ಹಿಡಿತ ಜಾಸ್ತಿ ಎಂಬ ನಂಬಿಕೆ ಸುಳ್ಳಾಗುವುದು ಇಲ್ಲೇ.

ಹೆಡ್‌ಲೈಟಿಗೆ ಮನೆಯಲ್ಲೇ ಪರೀಕ್ಷೆ ಇದೆ. ತಗ್ಗಿಸುವ ಮುಂಚೆ ರಾತ್ರಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಲೋ ಬೀಮ್ ಹಾಕಿ, ಬೆಳಕಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಕು 1% ಇಳಿಜಾರು ಇದ್ದರೆ ಅಂಚು ದೀಪದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗಿರುತ್ತದೆ. ತಗ್ಗಿಸಿದ ಮೇಲೆ ಮತ್ತೆ ನೋಡಿ. ಹಿಂದೆ ಮುಂದೆ ಒಂದೇ ಸಮ ಇಳಿದಿದ್ದರೆ ಗೆರೆ ಅಷ್ಟೇ ಇಳಿಯುತ್ತದೆ. ಹಿಂಭಾಗ ಜಾಸ್ತಿ ಇಳಿದಿದ್ದರೆ ಬೆಳಕು ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರೇಡಾರ್ ಇರುವ ಹೊಸ ಕಾರುಗಳಲ್ಲಿ ಅವನ್ನೂ ಮರುಹೊಂದಿಸಬೇಕು. ಅದನ್ನು ಮಾಡುವವರು ಸಿಗದಿದ್ದರೆ ಅಂಥ ಕಾರು ಮುಟ್ಟಬೇಡಿ.

ಹೆಜ್ಜೆ 9: ತುಂಬಿದ ಕಾರಿನಲ್ಲಿ ಪರೀಕ್ಷೆ

ಒಬ್ಬರೇ ಓಡಿಸಿ "ಸೂಪರ್" ಎನ್ನಬೇಡಿ. ಮಡ್‌ಗಾರ್ಡಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು, ಐದು ಜನರನ್ನು ಹತ್ತಿಸಿ, ಹಂಪ್ ಇರುವ ದಾರಿಯಲ್ಲಿ ಮತ್ತು ಬಿಗಿ ತಿರುವುಗಳಲ್ಲಿ ನಿಧಾನಕ್ಕೆ ಓಡಿಸಿ. ಬಂದ ಮೇಲೆ ಟೈರಿಗೆ ಬಿಳಿ ಹತ್ತಿದೆಯಾ ನೋಡಿ. ಕೇಬಲ್ ಟೈ ಎಲ್ಲಿ ನಿಂತಿದೆ ನೋಡಿ. ಬಿಳಿ ಹತ್ತಿದ್ದರೆ ಮಡ್‌ಗಾರ್ಡ್ ಬಡಿದು ಮಡಿಸುವುದು ಪರಿಹಾರವಲ್ಲ, ಎತ್ತರ ವಾಪಸ್ ಕೊಡುವುದು ಪರಿಹಾರ. 500 ಕಿಲೋಮೀಟರ್ ಆದ ಮೇಲೆ ಸ್ಪ್ರಿಂಗ್ ಕೂತಿರುತ್ತದೆ, ಆಗ ನಾಲ್ಕು ಮೂಲೆ ಮತ್ತೆ ಅಳೆದು, ಬೋಲ್ಟ್ ಬಿಗಿ ನೋಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.

ಕಂಪನಿಯ ಹಳೇ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಬೇಕು. ಮಾರುವಾಗಲೂ ಬೇಕಾಗುತ್ತದೆ. ಚಿಕ್ಕಪ್ಪನ ಮಗನಿಗೆ ಆ ಅನುಕೂಲ ಇರಲಿಲ್ಲ, ಕತ್ತರಿಸಿದ್ದನ್ನು ಅಂಟಿಸಲಾಗದು, ನಾಲ್ಕೂ ಹೊಸದು ಕೊಂಡ. ಈಗ ನನ್ನ ಅಟ್ಟದ ಮೇಲೆ ನನ್ನ ಕಾರಿನ ನಾಲ್ಕು ಸ್ಪ್ರಿಂಗ್ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೇನೆ. ಒಂದೊಂದರ ಮೇಲೂ "ಮುಂದೆ ಎಡ", "ಹಿಂದೆ ಬಲ" ಅಂತ ಚೀಟಿ ಕಟ್ಟಿದೆ.